ಸೀತನಿಯ ಜೊತೆ ಮೊಸರು, ಮೊಸರಿನ ಜೊತೆ ಸಿದ್ಧರಾಮ

ಸಂಕ್ರಾಂತಿಯ ಆಸುಪಾಸಿಗೆ ಸೊಲ್ಲಾಪುರ, ಅಕ್ಕಲಕೋಟೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಹಾಲುಗಾಳು ಕಟ್ಟಿರುತ್ತದೆ. ಬದುವಿನ ಪಕ್ಕ ಸಣ್ಣ ಕುಣಿ ತೋಡಿ, ಕುಳ್ಳಿನ ಕೆಂಡ ಮಾಡಿ, ಎಳೆ ತೆನೆಗಳನ್ನು ಅದರಲ್ಲಿ ಹುಗಿಯುತ್ತಾರೆ. ಬಿಸಿ ಆರುವ ಮುಂಚೆ ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿದರೆ ಹಸಿರು ಕಾಳು ಉಳಿಯುತ್ತದೆ. ಇದೇ ಸೀತನಿ, ಮರಾಠಿಗರ ಹುರಡಾ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಮೊಸರು ಯಾಕೆ ಎಂದು ಮೊಮ್ಮಕ್ಕಳು ಕೇಳಿದರೆ ಆಯಿ ಶರಣ ಸಿದ್ಧರಾಮನ ಕಥೆ ತೆಗೆಯುತ್ತಾಳೆ.

ಸೊನ್ನಲಿಗೆಯ, ಅಂದರೆ ಈಗಿನ ಸೊಲ್ಲಾಪುರದ, ಮುದ್ದುಗೌಡ, ಸುಗ್ಗವ್ವೆಯರ ಮಗ ಸಿದ್ಧರಾಮ ಹೊಲ ಕಾಯುತ್ತಿದ್ದ. ಶ್ರೀಶೈಲದ ದೇವರು ಮಲ್ಲಯ್ಯ ಜಂಗಮನ ವೇಷದಲ್ಲಿ ಬಂದು ಹಸಿವು ಅಂದ. ಹುಡುಗ ತೆನೆ ಸುಟ್ಟು ಕೊಟ್ಟ. ತಿಂದವನು ಹೊಟ್ಟೆ ಉರಿಯುತ್ತದೆ, ಮೊಸರನ್ನ ಬೇಕು ಅಂದ. ಹುಡುಗ ಮನೆಗೆ ಓಡಿ, ತಾಯಿಯಿಂದ ಬುತ್ತಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಜಂಗಮನಿಲ್ಲ. "ಮಲ್ಲಯ್ಯಾ" ಎಂದು ಅಳುತ್ತ ಶ್ರೀಶೈಲದ ದಾರಿ ಹಿಡಿದ. ಕವಿ ರಾಘವಾಂಕ ಕಾವ್ಯವಾಗಿ ಬರೆದ ಚರಿತ್ರೆ, ಇಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಸೊಲ್ಲಾಪುರದ ಸಿದ್ಧೇಶ್ವರ ಗುಡಿ ಈ ಹುಡುಗನದೇ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆಯೂ ಅವನ ಹೆಸರಿನದೇ.

ಈ ಕಥೆ ಕನ್ನಡದಲ್ಲಿ ಉಳಿದಿರುವುದು ಸಣ್ಣ ಮಾತಲ್ಲ. 1956ರ ರಾಜ್ಯ ವಿಂಗಡಣೆಯಲ್ಲಿ ಈ ಸೀಮೆ ಮುಂಬಯಿ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದ, ಗಡಿ ಕುರಿತ ಮಹಾಜನ ಆಯೋಗದ ವರದಿ 1967ರಿಂದ ಕಾಗದದಲ್ಲೇ ಇದೆ. ಕಚೇರಿ, ಕೋರ್ಟು, ಬಸ್ಸಿನ ಬೋರ್ಡು ಎಲ್ಲ ಮರಾಠಿ. ಮೈಂದರ್ಗಿ, ದುಧನಿ, ನಾಗಣಸೂರಿನಂಥ ಊರುಗಳಲ್ಲಿ ಕನ್ನಡವೆಂದರೆ ಶಾಲೆಗೂ ಮೊದಲು ಒಲೆಯ ಮುಂದೆ ಕಲಿಯುವ ಭಾಷೆ. ಸೊಲ್ಲಾಪುರದಲ್ಲಿ ಹುಟ್ಟಿ ಮರಾಠಿಯಲ್ಲಿ ಓದಿದ ಜಯದೇವಿತಾಯಿ ಲಿಗಾಡೆಯವರು ಕನ್ನಡವನ್ನು ತಾವೇ ಕಲಿತು ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. ಬೀಸುವಾಗ ಹೆಂಗಸರು ಹಾಡಿಕೊಳ್ಳುವ ಮಟ್ಟು ಅದು; ಅದನ್ನೇ ಆರಿಸಿಕೊಂಡದ್ದು ನನಗೆ ಬಹಳ ಸರಿಯೆನಿಸುತ್ತದೆ. 1974ರಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಮಹಿಳೆ.

ಸೊಲ್ಲಾಪುರದ ಒಲೆಗಳೆಲ್ಲ ಕನ್ನಡದವಲ್ಲ. ಗಿರಣಿ, ಕೈಮಗ್ಗಗಳ ಕೆಲಸ ಹುಡುಕಿ ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು ಇಲ್ಲಿ ನೆಲೆನಿಂತು ತಲೆಮಾರುಗಳಾದವು. ಅವರು ಮಕ್ಕಳಿಗೆ ಹೇಳುವುದು ಮಾರ್ಕಂಡೇಯನ ಕಥೆ, ಅದೂ ತೆಲುಗಿನಲ್ಲಿ.

ಕಥೆಯಿಂದ ಮತ್ತೆ ಅಡುಗೆಗೆ ಬಂದರೆ, ಇನ್ನು ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಪರಾತದಲ್ಲಿ ಅಂಗೈಯಿಂದ ಬಡಿಯುತ್ತ ಹೋದಂತೆ ಉಂಡೆ ತಾನೇ ತಿರುಗುತ್ತ ಹಿಗ್ಗುತ್ತದೆ. ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿದರೆ ಅದೇ ಕಡಕ್ ರೊಟ್ಟಿ; ವಾರಗಟ್ಟಲೆ ಕೆಡುವುದಿಲ್ಲ. ಹಿಟ್ಟು ಮಾಲದಂಡಿ ಜೋಳದ್ದಾದರೆ ಒಳ್ಳೆಯದು. ಅದರ ಎಂ 35-1 ಎಂಬ ಹೆಸರಾಂತ ತಳಿಯನ್ನು ಆರಿಸಿದ್ದು ಇದೇ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ. ಶೇಂಗಾ ಹಿಂಡಿಗೆ ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರ, ಜೀರಿಗೆ, ಉಪ್ಪು ಸಾಕು. ಆದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುವವರೆಗೆ ಒರಳಲ್ಲಿ ಕುಟ್ಟಬೇಕು. ಮಿಕ್ಸರ್ ಪುಡಿ ಮಾಡುತ್ತದೆ, ಹಿಂಡಿ ಮಾಡುವುದಿಲ್ಲ.

ಈಗ ರೊಟ್ಟಿ ಬಡಿಯುವುದು ಎಷ್ಟೋ ಹೆಣ್ಣುಮಕ್ಕಳ ದುಡಿಮೆ. ಬಚತ್ ಗಟ್ಟುಗಳ, ಅಂದರೆ ಹೆಂಗಸರ ಸ್ವಸಹಾಯ ಗುಂಪುಗಳ, ರೊಟ್ಟಿ, ಹಿಂಡಿ ಪ್ಯಾಕೆಟ್ಟಾಗಿ ಪುಣೆ, ಮುಂಬಯಿಗೆ ಹೋಗುತ್ತವೆ. ನೌಕರಿಗೆ ಹೋದ ಮಕ್ಕಳ ಚೀಲದಲ್ಲಿ ವಿದೇಶಕ್ಕೂ. ಪ್ಯಾಕೆಟ್ಟಿನ ಮೇಲೆ ಕಥೆ ಅಚ್ಚಾಗಿರುವುದಿಲ್ಲ, ನನ್ನ ಚಿಂತೆ ಅಷ್ಟೇ. ಆ ಮಕ್ಕಳ ಮಕ್ಕಳು ರಜೆಗೆ ಬಂದಾಗ ಸೀತನಿಯ ಕುಣಿಯ ಹತ್ತಿರ ಕೂತರೆ ಕಥೆ ಹೇಳುವ ಆಯಿಯರು ಇನ್ನೂ ಇದ್ದಾರೆ. ಜಾತ್ರೆಗೆ ಹೋಗುವ ಓದುಗರೂ ಗುಡಿಯಿಂದ ನೇರ ಬಸ್‌ಸ್ಟ್ಯಾಂಡಿಗೆ ಹೋಗದೆ, ಪರಿಚಯದವರೊಬ್ಬರ ಹೊಲಕ್ಕೆ ಹೋಗಿ, ಮೊಸರು ಬಡಿಸುವಾಗ ಯಾಕೆಂದು ಕೇಳಿ.