ಸಿಂಪಿ ಸೋಸಿದ ಕೊಳೆ ಎಲ್ಲಿಗೆ ಹೋಯಿತು?

ಮುತ್ತಿನ ಕೃಷಿಯ ಬಗ್ಗೆ ಎಲ್ಲಿ ಮಾತು ಬಂದರೂ ಒಂದು ನಂಬಿಕೆ ಮುಂದೆ ಬಂದು ನಿಲ್ಲುತ್ತದೆ: ಸಿಂಪಿ ನೀರನ್ನು ಸೋಸುತ್ತದೆ, ಆದ್ದರಿಂದ ಎಷ್ಟು ಸಿಂಪಿ ಸಾಕಿದರೆ ಅಷ್ಟು ನೀರು ಶುದ್ಧ, ಈ ಕಸುಬಿನಲ್ಲಿ ತ್ಯಾಜ್ಯವೇ ಇಲ್ಲ! ಮೊದಲ ಮಾತು ನಿಜ. ಅದಕ್ಕೆ ಗಂಟು ಹಾಕಿದ ಉಳಿದೆರಡೂ ಸುಳ್ಳು.

ಸೋಸಿದ್ದು ಮಾಯವಾಗುವುದಿಲ್ಲ. ತಿಂದದ್ದು ಮಲವಾಗಿ, ಬೇಡವೆಂದು ಬಿಟ್ಟದ್ದು ಲೋಳೆ ಉಂಡೆಯಾಗಿ ತಳಕ್ಕಿಳಿಯುತ್ತದೆ. ಕಸವನ್ನು ಗುಡಿಸಿ ಮೂಲೆಗೆ ಒಟ್ಟಿದ ಮಾತ್ರಕ್ಕೆ ಮನೆ ಚೊಕ್ಕಟವಾಗದು. ಸಿಂಪಿ ತೂಗುಹಾಕುವ ತೆಪ್ಪಗಳು ದೂರದೂರ ಇದ್ದು ನೀರಿನ ಓಡಾಟ ಚೆನ್ನಾಗಿದ್ದರೆ ಆ ಕೊಳೆ ಚದುರಿ ಹೋದೀತು. ಒತ್ತೊತ್ತಾಗಿ ತೂಗುಹಾಕಿದರೆ ಕೆಸರು ಕೊಳೆತು ತಳದ ಆಮ್ಲಜನಕವನ್ನೇ ಹೀರಿಬಿಡುತ್ತದೆ. ಸಾಲದ್ದಕ್ಕೆ ಸಿಂಪಿಯ ಮೈಗೆ ಹತ್ತಿದ ಪಾಚಿ, ಹುಳುಗಳನ್ನು ಹೆರೆದು ಅಲ್ಲೇ ನೀರಿಗೆ ಬಿಡುವ ರೂಢಿ ಬೇರೆ.

ಜಪಾನಿನ ಮಿಯೆ ಪ್ರಾಂತ್ಯದ ಆಗೋ ಕೊಲ್ಲಿಯನ್ನು ನೋಡಿ. ಮಿಕಿಮೊಟೊ ಕೋಕಿಚಿ 1893ರಲ್ಲಿ ಅರ್ಧಮುತ್ತು ಬೆಳೆಸಿ ತೋರಿಸಿದ್ದು ಇದೇ ಪ್ರಾಂತ್ಯದಲ್ಲಿ. ಕೊಲ್ಲಿಯಲ್ಲಿ ದಶಕಗಟ್ಟಲೆ ಸಿಂಪಿ ಸಾಕಿ ತಳದಲ್ಲಿ ಕೊಳೆಗೆಸರು ಕಟ್ಟಿತು. 1992ರಲ್ಲಿ ಹೆಟೆರೊಕ್ಯಾಪ್ಸಾ ಎಂಬ ಸೂಕ್ಷ್ಮಪಾಚಿ ಉಕ್ಕಿ, ಸಿಂಪಿಗಳು ರಾಶಿರಾಶಿಯಾಗಿ ಸತ್ತವು. ದಡದ ಊರುಗಳ ಕೊಳಚೆಯೂ ಆ ನೀರಿಗೆ ಸೇರುತ್ತಿತ್ತು, ಒಪ್ಪೋಣ. ಹಾಗೆಂದು ಕೃಷಿಯ ಹೊಣೆ ತಪ್ಪುವುದಿಲ್ಲ.

ಸಿಂಪಿ ನೀರನ್ನು ಸೋಸಿ ಮೈಗೂಡಿಸಿಕೊಂಡ ಸಾರಜನಕವೂ ನೀರಿನಿಂದ ಹೊರಬರುವುದು ಮಾಂಸ, ಚಿಪ್ಪು ದಡ ಸೇರಿದಾಗ ಮಾತ್ರ. ಜಪಾನಿನಲ್ಲಿ ಮುತ್ತು ತೆಗೆದ ಮೇಲೆ ಚಿಪ್ಪು ಮುಚ್ಚುವ ಸ್ನಾಯುವನ್ನು ತಿನ್ನುತ್ತಾರೆ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿ ಆಹಾರಕ್ಕೆ, ಅಂಗಿಯ ಗುಂಡಿಗೆ, ಸುಣ್ಣಕ್ಕೆ ಆಗುತ್ತದೆ. ನಮ್ಮ ಕರಾವಳಿಯವರಿಗೆ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೆರೆದ ಪಾಚಿ ಗೊಬ್ಬರದ ಗುಂಡಿಗೆ ಹೋಗಬೇಕು.

ಸಿಹಿನೀರಿನ ಹೊಂಡದ್ದು ಇನ್ನೊಂದು ಕಥೆ. ಅಲ್ಲಿ ಮುತ್ತು ಬೆಳೆಸುವ ಕಪ್ಪೆಚಿಪ್ಪಿಗೆ ಬೇಕಾದ ಪಾಚಿ ಬೆಳೆಯಲೆಂದು ಹೊಂಡಕ್ಕೆ ಸಗಣಿ, ಯೂರಿಯಾ, ಸೂಪರ್ ಫಾಸ್ಫೇಟ್ ಹಾಕುತ್ತಾರೆ. ಆ ನೀರನ್ನು ಕೆರೆಗೆ ಬಿಟ್ಟರೆ ಕೆರೆಯೂ ಹಸಿರುಗಟ್ಟುತ್ತದೆ. ಕೆರೆ, ಹೊಳೆಯಿಂದ ಚಿಪ್ಪು ಬಾಚಿ ತಂದು ಕೃಷಿ ಮಾಡಿದರೆ ಪ್ರಕೃತಿಗೆ ನಷ್ಟವಿಲ್ಲ ಎನ್ನುವವರು, ಕಪ್ಪೆಚಿಪ್ಪಿನ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡೇ ಬೆಳೆಯಬೇಕು ಎಂಬುದನ್ನು ಮರೆಯುತ್ತಾರೆ. ಚಿಪ್ಪು ಬರಿದಾದ ಕೆರೆ ಬೇಗ ತುಂಬಿಕೊಳ್ಳುವುದಿಲ್ಲ.

ಮುತ್ತು ತೆಗೆದ ಮೇಲೆ ಸಿಂಪಿ ಹಾಯಾಗಿ ಬದುಕುತ್ತದೆ ಎಂಬುದೂ ಬಹಳಷ್ಟು ಕಡೆ ಸುಳ್ಳು. ತ್ಯಾಜ್ಯ ಸಿಂಪಿಯದ್ದಷ್ಟೇ ಅಲ್ಲ, ಸಲಕರಣೆಯದ್ದೂ ಇದೆ: ಫ್ರೆಂಚ್ ಪಾಲಿನೇಷ್ಯಾದ ಕಪ್ಪುಮುತ್ತಿನ ಲಗೂನುಗಳಲ್ಲಿ ಪ್ಲಾಸ್ಟಿಕ್ ಹಗ್ಗ, ಬಲೆಗಳ ಚೂರು ಬಿದ್ದಿವೆ.

'ನೈಸರ್ಗಿಕ' ಎಂಬ ಹಣೆಪಟ್ಟಿ ಕಂಡೊಡನೆ ಪ್ರಶ್ನೆ ನಿಲ್ಲಿಸುವ ನಮ್ಮ ಚಾಳಿ ಕೃಷಿಯಲ್ಲಿ, ಔಷಧದಲ್ಲಿ, ಊಟದಲ್ಲಿ ಎಲ್ಲೆಡೆ ಹಬ್ಬಿದೆ. ಮುತ್ತಿನ ಕೃಷಿಯ ತರಬೇತಿಗೆ ಹಣ ಕಟ್ಟುವ ಮೊದಲು ಕೇಳಿ: ಚಿಪ್ಪು ಎಲ್ಲಿಂದ ತರುತ್ತೀರಿ, ಹೊಂಡದ ನೀರು ಎಲ್ಲಿಗೆ ಬಿಡುತ್ತೀರಿ, ಮಾಂಸ ಏನು ಮಾಡುತ್ತೀರಿ, ಹಳೆಯ ಬಲೆ ಎಲ್ಲಿ ಹಾಕುತ್ತೀರಿ? ಉತ್ತರ ಸಿಗದಿದ್ದರೆ ಹಣ ಕಟ್ಟಬೇಡಿ.