ಎಂಜಿನ್ನಿಗೆ ಬೇಕಾದದ್ದು ತಣ್ಣನೆಯ ಗಾಳಿ

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಬಿಡಿಭಾಗಗಳ ಅಂಗಡಿಗಳಲ್ಲಿ ಶಂಕುವಿನಾಕಾರದ, ಕೆಂಪು ಬಣ್ಣದ ಏರ್ ಫಿಲ್ಟರುಗಳನ್ನು ನೀವು ನೋಡಿರಬಹುದು. ಕಾರಿನೊಡನೆ ಬಂದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಕಳಚಿ ಇದನ್ನು ಕೂರಿಸಿದರೆ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ ಎಂಬುದು ಮಾರುವವರ ಮಾತು. ಹಣ ತೆರುವ ಮುನ್ನ ಈ ಮಾತನ್ನು ಪಿ.ಯು.ಸಿ. ಭೌತಶಾಸ್ತ್ರದ ಒರೆಗೆ ಹಚ್ಚೋಣ.

1 ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. 1200 ಸಿ.ಸಿ.ಯ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದ್ದರೆ, ಹೆಚ್ಚೆಂದರೆ 1800 ಲೀಟರ್ ಗಾಳಿಯನ್ನು ಒಳಗೆಳೆಯುತ್ತದೆ. ಈ ಗಾತ್ರ ಬದಲಾಗದು. ಬದಲಾಗುವುದು ಆ ಗಾಳಿಯ ತೂಕ. ತೂಕ ಹೆಚ್ಚಿದ್ದರೆ ಅಷ್ಟು ಹೆಚ್ಚು ಪೆಟ್ರೋಲು ಉರಿಯುತ್ತದೆ, ಅಷ್ಟು ಹೆಚ್ಚು ಶಕ್ತಿ ಬರುತ್ತದೆ. ತೂಕ ಹೆಚ್ಚಿಸಲು ದಾರಿಗಳು ಎರಡು: ಗಾಳಿಗಿರುವ ಅಡ್ಡಿಯನ್ನು ತಗ್ಗಿಸುವುದು, ಇಲ್ಲವೇ ಗಾಳಿಯನ್ನು ತಣ್ಣಗೆ ಇಡುವುದು.

ಮೊದಲು ಅಡ್ಡಿಯ ಲೆಕ್ಕ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಫಿಲ್ಟರಿನಿಂದಾಗಿ 10 ಸೆಂಟಿಮೀಟರ್ ನೀರಿನಷ್ಟು ಒತ್ತಡ ಇಳಿಯುತ್ತದೆ ಎಂದುಕೊಳ್ಳಿ. (ಪ್ರಯೋಗಾಲಯದ ಯು-ಕೊಳವೆಯಿಂದಲೇ ಇದನ್ನು ಅಳೆಯಬಹುದು.) ಆಗ ಫಿಲ್ಟರನ್ನು ಕಿತ್ತೇ ಎಸೆದರೂ ಸಿಗುವ ಲಾಭ ಶೇಕಡಾ 1ರಷ್ಟು. ಊರೊಳಗೆ ನಿಧಾನವಾಗಿ ಓಡಿಸುವಾಗ ಅದೂ ಇಲ್ಲ. ಏಕೆಂದರೆ ಅರ್ಧ ಮುಚ್ಚಿದ ಥ್ರಾಟಲ್ ಕವಾಟವೇ ಫಿಲ್ಟರಿಗಿಂತ ಎಷ್ಟೋ ಪಾಲು ಹೆಚ್ಚಿನ ಅಡ್ಡಿ.

ಇನ್ನು ಶಾಖ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಅಂದರೆ 303 ಕೆಲ್ವಿನ್. ವಾಹನದಟ್ಟಣೆಯಲ್ಲಿ ನಿಂತ ಕಾರಿನ ಬಾನೆಟ್ಟಿನಡಿ 60 ಡಿಗ್ರಿ, ಅಂದರೆ 333 ಕೆಲ್ವಿನ್ ಇದ್ದರೆ ಅಲ್ಲಿನ ಗಾಳಿಯ ಸಾಂದ್ರತೆ ಶೇಕಡಾ 9ರಷ್ಟು ಕಡಿಮೆ. ಪೆಟ್ಟಿಗೆಯಿಲ್ಲದ ಶಂಕು ಫಿಲ್ಟರ್ ಕುಡಿಯುವುದು ಇದೇ ಬಿಸಿ ಗಾಳಿಯನ್ನು. ಕಾರು ವೇಗವಾಗಿ ಓಡತೊಡಗಿದಾಗ ಈ ವ್ಯತ್ಯಾಸ ತಗ್ಗುತ್ತದೆ, ನಿಜ. ಆದರೆ ಶೇಕಡಾ 1ರ ಲಾಭವನ್ನು ನುಂಗಿಹಾಕಲು ಮೂರು ನಾಲ್ಕು ಡಿಗ್ರಿ ಸಾಕು. ಹಳೆಯ ಕಪ್ಪು ಪೆಟ್ಟಿಗೆಯ ಬಾಯಿ ಸಾಮಾನ್ಯವಾಗಿ ರೇಡಿಯೇಟರಿನ ಮುಂಭಾಗಕ್ಕೆ ತೆರೆದಿರುವುದು ಇದೇ ಕಾರಣಕ್ಕೆ.

ಹಾಗಾದರೆ ಹೊಸ ಫಿಲ್ಟರ್ ಹಾಕಿದವರು ಕಾರು ಚುರುಕಾಯಿತು ಎನ್ನುವುದೇಕೆ? ಬಹುಪಾಲು ಸದ್ದಿನಿಂದ. ಕಾರಿನೊಡನೆ ಬಂದ ಪೆಟ್ಟಿಗೆ ಎಂಜಿನ್ ಗಾಳಿ ಎಳೆಯುವ ಗೊರಗೊರ ಸದ್ದನ್ನೂ ಅಡಗಿಸುತ್ತಿರುತ್ತದೆ. ಅದು ಹೋದೊಡನೆ ಕಿವಿ ಮೋಸಹೋಗುತ್ತದೆ. (ದೂರದರ್ಶನದವರಾದ ನಮಗೆ ಸದ್ದಿನ ಈ ಮಹಿಮೆ ಚೆನ್ನಾಗಿ ಗೊತ್ತು!)

ಇಷ್ಟಾದರೂ ಕೊಳ್ಳಲೇಬೇಕು ಎಂದಿದ್ದರೆ, ಸುತ್ತಲೂ ಮುಚ್ಚಿದ ಪೆಟ್ಟಿಗೆಯಿದ್ದು ಹೊರಗಿನಿಂದ ಗಾಳಿ ತರುವ ಕೊಳವೆಯುಳ್ಳದ್ದನ್ನು ಆರಿಸಿ. ಆ ಕೊಳವೆಯ ಬಾಯಿ ಬಂಪರಿನ ಕೆಳಗೆ ಇಳಿದಿರಬಾರದು. ಮಳೆನೀರು ನಿಂತ ಅಂಡರ್‌ಪಾಸಿನಲ್ಲಿ ಅದು ನೀರನ್ನೇ ಹೀರಬಹುದು. ನೀರನ್ನು ಗಾಳಿಯಂತೆ ಅದುಮಲಾಗದು. ಪಿಸ್ಟನ್ನು ಮೇಲೇರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ.

ಧೂಳಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ನಮ್ಮ ರಸ್ತೆಯ ಧೂಳಿನಲ್ಲಿರುವ ಮರಳಿನ ಸಣ್ಣ ಕಣಗಳು ಸಿಲಿಂಡರಿನ ಗೋಡೆಯನ್ನು ಉಪ್ಪುಕಾಗದದಂತೆ ಉಜ್ಜುತ್ತವೆ. ಗಾಳಿಯನ್ನು ಸಲೀಸಾಗಿ ಬಿಡುವ ಫಿಲ್ಟರ್ ಧೂಳನ್ನೂ ಸಲೀಸಾಗಿ ಬಿಡುತ್ತಿರಬಹುದು. ಐ.ಎಸ್.ಓ. 5011 ಎಂಬ ಪರೀಕ್ಷಾಕ್ರಮ ಇರುವುದು ಗಾಳಿಗಿರುವ ಅಡ್ಡಿ, ಧೂಳು ತಡೆಯುವ ಪ್ರಮಾಣ ಇವೆರಡನ್ನೂ ಅಳೆಯುವುದಕ್ಕೇ. ಅಂಗಡಿಯವರನ್ನು ಅದರ ಅಂಕಿಗಳನ್ನು ಕೇಳಿ. ಎಣ್ಣೆ ಸವರಿದ ಹತ್ತಿಯ ಫಿಲ್ಟರಾದರೆ ಇನ್ನೊಂದು ಎಚ್ಚರಿಕೆ: ಎಣ್ಣೆ ಹೆಚ್ಚಾದರೆ, ಗಾಳಿಯ ತೂಕ ಅಳೆಯುವ ಬಿಸಿ ತಂತಿಯ ಸೆನ್ಸರ್ ಇರುವ ಕಾರುಗಳಲ್ಲಿ ಅದು ತಂತಿಗೆ ಅಂಟಿ ಅಳತೆ ತಪ್ಪುತ್ತದೆ.

ಬೆಂಗಳೂರಿನವರಿಗೆ ಒಂದು ಮಾತು. ಸುಮಾರು 900 ಮೀಟರ್ ಎತ್ತರದ ಈ ಊರಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳು. ಈ ಕೊರತೆಯನ್ನು ಯಾವ ಫಿಲ್ಟರೂ ತುಂಬಲಾರದು. ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರ್ ಬೇಕು.

ನಿಮ್ಮ ಮನೆಯ ಕಾರಿನಲ್ಲಿ ಓ.ಬಿ.ಡಿ. ಸಂಪರ್ಕವಿದ್ದರೆ, ಮೆಕ್ಯಾನಿಕ್ಕಿನ ಸ್ಕ್ಯಾನರಿನಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆಯನ್ನು ಸಾಮಾನ್ಯವಾಗಿ ನೋಡಬಹುದು. ಕಾರು ಓಡುತ್ತಿರುವಾಗ ಒಮ್ಮೆ, ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತಾಗ ಒಮ್ಮೆ ಅದನ್ನು ಬರೆದುಕೊಳ್ಳಿ. ಹೊಸ ಫಿಲ್ಟರ್ ಹಾಕಿದ ಮೇಲೆ ಅದೇ ಹೊತ್ತಿನಲ್ಲಿ, ಅದೇ ದಾರಿಯಲ್ಲಿ ಮತ್ತೆ ಅಳೆದು ಹೋಲಿಸಿ ನೋಡಿ.