ಶಕ್ತಿ ಯಾರಿಗಾಗಿ?

ಬಾದಾಮಿಯ ಬೆಟ್ಟಗಳ ಮಡಿಲಿನಲ್ಲಿರುವ ಮಹಾಕೂಟಕ್ಕೆ ಹೋದವರೆಲ್ಲರೂ ಅಲ್ಲಿನ ಪುಷ್ಕರಿಣಿಯನ್ನು ಕಂಡಿರುತ್ತಾರೆ. ಚಾಲುಕ್ಯರ ಕಾಲದ ಗುಡಿಗಳ ನಡುವೆ ಬುಗ್ಗೆಯ ನೀರು ತಾನಾಗಿಯೇ ಬಂದು ಕೊಳವನ್ನು ತುಂಬುತ್ತದೆ. ಆದರೆ ಇದೇ ಸೀಮೆಯ ಹೊಲಗಳಲ್ಲಿ ಕೊಳವೆಬಾವಿಯ ನೀರು ಮೇಲೇರಲು ಕರೆಂಟು ಬೇಕು. ಇಳಕಲ್ಲಿನ ನೇಕಾರರ ಮನೆಯ ದೀಪಕ್ಕೂ ಅದೇ ಬೇಕು. ಅದು ಸಾಲದಾದಾಗ 'ಇನ್ನಷ್ಟು ಉತ್ಪಾದಿಸಿರಿ' ಎನ್ನುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ ಎಂದು ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಮೂಲ್ಯ ಕೆ.ಎನ್. ರೆಡ್ಡಿ (1930–2006).

ವಿದ್ಯುತ್-ರಸಾಯನಶಾಸ್ತ್ರದಲ್ಲಿ ಜಗದ್ವಿಖ್ಯಾತರಾಗಿದ್ದ ಅವರು 1974ರಲ್ಲಿ ಗ್ರಾಮಗಳಿಗೆ ವಿಜ್ಞಾನವನ್ನು ಒಯ್ಯುವ 'ಅಸ್ತ್ರ' ಕೇಂದ್ರವನ್ನು ಆರಂಭಿಸಿದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯಿಂದ ಒಂದು ಸತ್ಯ ಹೊರಬಿತ್ತು: ಹಳ್ಳಿಯ ಶಕ್ತಿಯ ಬಹುಪಾಲು ಅಡುಗೆಯ ಸೌದೆಯೇ, ಅದನ್ನು ಹೊತ್ತು ತರುವ ದುಡಿಮೆ ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ಪಾಲಿನದು.

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಅಡುಗೆ ಮಾಡಿಸುವ ಪ್ರಯತ್ನ, ಸಗಣಿ ಸಾಲದೆ, ಕೈಗೂಡಲಿಲ್ಲ. ಜನರ ಮೊದಲ ಬೇಡಿಕೆ ಶುದ್ಧ ನೀರೆಂಬುದು ಆಗ ಅರಿವಾಯಿತು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ನಲ್ಲಿಗೆ ನೀರನ್ನೂ ಮನೆಗಳಿಗೆ ಬೆಳಕನ್ನೂ ಕೊಡಲಾಯಿತು. ಉಳಿದ ಬಗ್ಗಡ ಗೊಬ್ಬರವಾಗಿ ಸಗಣಿ ಕೊಟ್ಟವರಿಗೇ ಮರಳಿತು. ಸೋಲಿನಿಂದ ಪಾಠ ಕಲಿತು ಜನರ ಮಾತಿಗೆ ಕಿವಿಗೊಡುವುದೂ ವಿದ್ವತ್ತೇ ಅಲ್ಲವೇ?

1980ರ ದಶಕದಲ್ಲಿ ಸರಕಾರಿ ಸಮಿತಿಯೊಂದು 2000ದ ಇಸವಿಯ ಹೊತ್ತಿಗೆ ಕರ್ನಾಟಕಕ್ಕೆ ಬೇಕಾಗುವ ವಿದ್ಯುತ್ತನ್ನು ಅಂದಾಜಿಸಿತು. ರೆಡ್ಡಿಯವರೂ ಅವರ ಸಂಗಡಿಗರೂ ಬೇರೆ ಲೆಕ್ಕವನ್ನಿಟ್ಟರು. ಎಲ್ಲ ಮನೆಗಳಿಗೂ ದೀಪ, ದಕ್ಷ ಪಂಪ್‌ಸೆಟ್ಟು, ನೀರು ಕಾಯಿಸಲು ಸೂರ್ಯನ ಶಾಖ, ಕಡಿಮೆ ಕರೆಂಟು ನುಂಗುವ ಬಲ್ಬು ಇವನ್ನು ಸೇರಿಸಿಕೊಂಡರೆ ಸಮಿತಿಯ ಅಂದಾಜಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು ಸಾಕೆಂಬುದು ಅವರ ನಿಲುವು. ಉಳಿಸಿದ ಯೂನಿಟ್ಟು ಹೊಸದಾಗಿ ಉತ್ಪಾದಿಸುವ ಯೂನಿಟ್ಟಿಗಿಂತ ಹಲವು ವೇಳೆ ಅಗ್ಗವೆಂದೂ ಅವರು ತೋರಿಸಿದರು. ಬ್ರೆಜಿಲ್, ಸ್ವೀಡನ್ ಮತ್ತು ಅಮೆರಿಕದ ವಿದ್ವಾಂಸರೊಡನೆ 1985ರಲ್ಲಿ ಬರೆದ ಪ್ರಬಂಧದಲ್ಲಂತೂ, ತಲೆಗೊಂದು ಕಿಲೋವ್ಯಾಟ್ ಶಕ್ತಿಯನ್ನು ಜಾಣ್ಮೆಯಿಂದ ಬಳಸಿದರೆ ಬಡ ದೇಶಗಳೂ 1970ರ ದಶಕದ ಪಶ್ಚಿಮ ಯುರೋಪಿನ ಜೀವನಮಟ್ಟವನ್ನು ಮುಟ್ಟಬಹುದೆಂದು ವಾದಿಸಿದರು.

ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಕಲಿತ ಅರಿಸ್ಟಾಟಲನ 'ಅಂತಿಮ ಕಾರಣ' ಇಲ್ಲಿ ನೆನಪಾಗುತ್ತದೆ. ಯಾವುದೇ ವಸ್ತುವನ್ನು ಅದರ ಗುರಿಯಿಂದ ಅರಿಯಬೇಕು. ವಿದ್ಯುತ್ತು ಸಾಧನ, ಬೆಳಕು, ನೀರು, ಬೆಂದ ಅನ್ನ ಇವು ಗುರಿ. ಸಾಧನವನ್ನೇ ಗುರಿಯೆಂದು ಭ್ರಮಿಸಿದಾಗ ಕಲ್ಲಿದ್ದಲು ಹೆಚ್ಚು ಉರಿಯುತ್ತದೆ, ಬಿಸಿಲು ಬಿರುಸಾಗುತ್ತದೆ, ಬಡವನ ಗುಡಿಸಲು ಕತ್ತಲಲ್ಲೇ ಉಳಿಯಬಹುದು. ಹವಾಮಾನವು ಎಲ್ಲರಿಗೂ ಸೇರಿದ ಸೊತ್ತೆಂದು ಪೋಪ್ ಫ್ರಾನ್ಸಿಸರು 2015ರ ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ.

ಪ್ರಿಯ ಓದುಗರೇ, ಇಂದು ರಾತ್ರಿ ಬರಿದಾದ ಕೋಣೆಯ ದೀಪವನ್ನು ಆರಿಸುವಾಗ ಮಕ್ಕಳಿಗೆ ಇಷ್ಟನ್ನು ಹೇಳಿರಿ: ಇದು ಬರಿಯ ಬಿಲ್ಲಿನ ಉಳಿತಾಯವಲ್ಲ, ಕಾಣದ ನೆರೆಯವನ ಪಾಲನ್ನು ಕಾಯ್ದಿಡುವ ನ್ಯಾಯ.